ಹಸಿರು ದುಂಬಿಯ ವಿಳಾಸ

‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಎಂಬ ಹಳೆಯ ಪುಸ್ತಕಮಾಲೆಯಲ್ಲಿ 1910ರಲ್ಲಿ ಪ್ರಕಟವಾದ ಒಂದು ಸಂಪುಟವಿದೆ. ಬರೆದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ದುಂಬಿಗಳ ಸಂಗ್ರಹ ನೋಡಿಕೊಳ್ಳುತ್ತಿದ್ದ ಗಿಲ್ಬರ್ಟ್ ಜಾನ್ ಆ್ಯರೋ. ಭಾರತ, ಸಿಲೋನ್, ಬರ್ಮಾ ಮೂರೂ ಕಡೆಯ ಹೂದುಂಬಿಗಳು ಮತ್ತು ಕೊಂಬಿನ ದುಂಬಿಗಳು ಅದರ ವಸ್ತು. ಪ್ರತಿ ಕೀಟಕ್ಕೂ ಒಂದೇ ಕ್ರಮ: ಮೊದಲು ಹೆಸರು, ಅದರ ಕೆಳಗೆ ಹಿಂದೆ ಯಾರ್‍ಯಾರು ಯಾವ್ಯಾವ ಹೆಸರಿಟ್ಟಿದ್ದರೆಂಬ ಸಣ್ಣಕ್ಷರದ ಸಾಲುಗಳು, ಆಮೇಲೆ ಮೈಬಣ್ಣ, ಆಕಾರ, ಅಳತೆ, ಕೊನೆಗೆ ಸಿಕ್ಕ ಊರುಗಳು. ಊರಿನ ಪಕ್ಕದಲ್ಲಿ ಕಂಸದೊಳಗೆ ಹಿಡಿದವರ ಹೆಸರು.

ನಾನು ಓದತೊಡಗಿದ್ದು ಆ ಕೊನೆಯ ಸಾಲುಗಳಿಗಾಗಿ. ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರದ ಕಡೆ ಹೋಗುವ ರಸ್ತೆಯಲ್ಲಿ ತುಳಸಿಗೇರಿ ಬರುತ್ತದೆ. ಹಣಮಪ್ಪನ ಗುಡಿಯಿಂದ ಹೆಸರಾದ ಊರು. ಮಳೆಗಾಲದಲ್ಲಿ ಅದರ ಸುತ್ತಿನ ಸಜ್ಜೆ ಹೊಲಗಳಲ್ಲಿ ಲೋಹದಂತೆ ಹೊಳೆಯುವ ಹಸಿರು ದುಂಬಿ ಕಾಣುತ್ತದೆ. ಅದು ಯಾವುದು? ಈ ಸೀಮೆಯಲ್ಲಿ ಅದನ್ನು ಯಾರು ಯಾವಾಗ ಬರೆದಿಟ್ಟರು? ಪ್ರಶ್ನೆ ಇಷ್ಟೇ ಇತ್ತು. ಹುಡುಕಾಟ ಮಾತ್ರ ಜರ್ಮನಿಯ ಕೀಲ್ ಪಟ್ಟಣದವರೆಗೆ ಎಳೆದುಕೊಂಡು ಹೋಯಿತು.

ಲೋಹಹಸಿರಿನ ಹೂದುಂಬಿ ಎಂದೊಡನೆ ಕೀಟ ಬಲ್ಲವರು ಮೊದಲು ಹೇಳುವ ಹೆಸರು ಹೆಟೆರೊರೈನಾ. ಏಷ್ಯಾದ ಉಷ್ಣವಲಯದ ಕುಲ. ಅದರಲ್ಲಿ ನಮ್ಮ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಸೇರಿದ್ದು ಹೆಟೆರೊರೈನಾ ಎಲಿಗಾನ್ಸ್. ಒಂದಂಗುಲಕ್ಕೆ ಹತ್ತಿರದ ಉದ್ದ, ಚಚ್ಚೌಕ ಭುಜ, ಕೂದಲಿಲ್ಲದ ನುಣುಪು ಬೆನ್ನು. ಸಾಮಾನ್ಯವಾಗಿ ಹಸಿರು, ನೀಲಿಗೆ, ತಾಮ್ರದ ಕೆಂಪಿಗೆ ತಿರುಗಿದವೂ ಉಂಟು.

ಎರಡನೆಯ ಹೆಸರು ಕೈಲೊಲೋಬಾ ಅಕ್ಯೂಟಾ. ಇದೂ ಹೊಳೆಯುವ ಹಸಿರೇ. ಆದರೆ ಮೈ ಅದಕ್ಕಿಂತ ಸಣ್ಣದು, ಮುಂದಕ್ಕೆ ಚೂಪಾದದ್ದು. ಮೈಮೇಲೆ ತೆಳು ಹೊಂಬಣ್ಣದ ರೋಮ. ಆ ಕುಲದಲ್ಲಿ ಇರುವುದು ಇದೊಂದೇ ಜಾತಿ. ಮರದ ಹೂಗಳಿಗಿಂತ ಇದಕ್ಕೆ ಹುಲ್ಲಿನ ಹೂವು ಇಷ್ಟ. ಹುಲ್ಲೆಂದರೆ ಕರಕಿ ಮಾತ್ರವಲ್ಲ. ಸಜ್ಜೆ, ಜೋಳ, ಗೋವಿನಜೋಳವೂ ಹುಲ್ಲಿನ ಕುಟುಂಬದವೇ.

ಎರಡಕ್ಕೂ ನಾಮಕರಣ ಮಾಡಿದವರು ಒಂದೇ ಊರಿನವರೆಂಬುದು ಹಳೆಯ ಪುಟಗಳಿಂದ ಹೊರಬಿತ್ತು. ಲಿನೇಯಸ್‌ನ ಶಿಷ್ಯ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರೀಷಿಯಸ್ 1775ರಿಂದ ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ಅವನ ‘ಸ್ಪೀಶೀಸ್ ಇನ್ಸೆಕ್ಟೋರಮ್’ 1781ರಲ್ಲಿ ಬಂತು. ಎಲಿಗಾನ್ಸ್ ಮೊದಲು ಹೆಸರು ಪಡೆದದ್ದು ಅದರಲ್ಲಿ; ಆಗ ಅದನ್ನು ಸೆಟೋನಿಯಾ ಎಂಬ ದೊಡ್ಡ ಕುಲಕ್ಕೆ ಸೇರಿಸಿದ್ದ. ಕೀಲ್ ಆಗ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. ಅದೇ ದೊರೆಗೆ ನಮ್ಮ ಪೂರ್ವ ಕರಾವಳಿಯ ತರಂಗಂಬಾಡಿಯಲ್ಲಿ ವ್ಯಾಪಾರದ ಕೋಟೆಯಿತ್ತು. ಲಿನೇಯಸ್‌ನ ಇನ್ನೊಬ್ಬ ಶಿಷ್ಯ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ 1768ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದು, 1785ರಲ್ಲಿ ಇದೇ ನಾಡಿನಲ್ಲಿ ತೀರಿಕೊಳ್ಳುವ ತನಕ ಗಿಡ, ಹುಳ, ಹಲ್ಲಿ ಏನು ಸಿಕ್ಕರೂ ಯುರೋಪಿಗೆ ಕಳಿಸುತ್ತಿದ್ದ. ದಕ್ಷಿಣ ಭಾರತದ ಕೀಟಗಳು ಫ್ಯಾಬ್ರೀಷಿಯಸ್‌ನ ಮೇಜಿಗೆ ಬರುತ್ತಿದ್ದ ದಾರಿಗಳಲ್ಲಿ ಇದೂ ಒಂದು.

ಫ್ಯಾಬ್ರೀಷಿಯಸ್ 1808ರಲ್ಲಿ ತೀರಿದ. ಅಷ್ಟರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಕ್ರಿಶ್ಚಿಯನ್ ವೀಡೆಮನ್ ಬಂದಿದ್ದ. ಹೆರಿಗೆ ವೈದ್ಯವನ್ನು ಕಲಿಸುವ ಪ್ರಾಧ್ಯಾಪಕ. ನೊಣ–ಸೊಳ್ಳೆಗಳ ವಿಷಯದಲ್ಲಿ ಆ ಕಾಲದ ದೊಡ್ಡ ಪಂಡಿತ. ದುಂಬಿಗಳ ಮೇಲೂ ಕೈಯಾಡಿಸಿ, 1823ರಲ್ಲಿ ಜಾವಾ, ಬಂಗಾಳ, ಗುಡ್ ಹೋಪ್ ಭೂಶಿರಗಳ ಇನ್ನೂರು ಹೊಸ ದುಂಬಿಗಳ ಮೇಲೆ ದೀರ್ಘ ಲೇಖನ ಬರೆದ. ಅಕ್ಯೂಟಾ ಬೆಳಕಿಗೆ ಬಂದದ್ದು ಆ ವರ್ಷ. ಸಜ್ಜೆಯ ಹೊಲವನ್ನು ಕಣ್ಣಿಂದ ನೋಡಿರದ ಹೆರಿಗೆ ವೈದ್ಯನೊಬ್ಬ ಸಜ್ಜೆಯ ದುಂಬಿಗೆ ಹೆಸರಿಟ್ಟ.

ಇಲ್ಲಿಂದ ಮುಂದೆ ಹುಡುಕುವವನಿಗೆ ತೊಡಕು ಶುರು. 1842ರಲ್ಲಿ ಇಂಗ್ಲೆಂಡಿನ ಜಾನ್ ಒಬಡಾಯಾ ವೆಸ್ಟ್‌ವುಡ್ ಹೆಟೆರೊರೈನಾ ಎಂಬ ಕುಲವನ್ನು ಕಟ್ಟಿದ. ಅದೇ ವರ್ಷ ಜರ್ಮನಿಯಲ್ಲಿ ಹರ್ಮನ್ ಬರ್ಮೈಸ್ಟರ್ ತನ್ನ ಕೀಟಶಾಸ್ತ್ರದ ಕೈಪಿಡಿಯ ಮೂರನೆಯ ಸಂಪುಟದಲ್ಲಿ ಕೈಲೊಲೋಬಾ ಕುಲವನ್ನು ಸ್ಥಾಪಿಸಿದ; ವೆಸ್ಟ್‌ವುಡ್ ಹೆಟೆರೊರೈನಾ ಎಂದ ಗುಂಪಿನವಕ್ಕೆ ತಾನು ಕೋರಿಫೋಸಿರಾ ಎಂದ. ಒಂದೇ ದುಂಬಿಗೆ ಎರಡು ದೇಶಗಳಲ್ಲಿ ಎರಡು ಕುಲದ ಹೆಸರು ನಡೆದವು. ವೆಸ್ಟ್‌ವುಡ್ ಬರೆದ ಹೆಸರಿನ ನಡುವೆ ಒಂದೇ ‘ಆರ್’ ಅಕ್ಷರವಿತ್ತು, ಮುಂದಿನವರು ಎರಡು ಬರೆದರು. ಇಂದಿನ ಗಣಕದ ಹುಡುಕುಪಟ್ಟಿಗೆ ಆ ಒಂದು ಅಕ್ಷರ ತಪ್ಪಿಸಿದರೆ ಹತ್ತೊಂಬತ್ತನೆಯ ಶತಮಾನದ ಅರ್ಧ ಸಾಹಿತ್ಯ ಮರೆಯಾಗುತ್ತದೆ. 1907ರಲ್ಲಿ ಆ್ಯರೋ ಇನ್ನಷ್ಟು ಜಾತಿಗಳನ್ನು ಬೇರ್ಪಡಿಸಿ ಟೋರಿನೊರೈನಾ ಎಂಬ ಕುಲ ಮಾಡಿದರು. 1976ರಿಂದ 1987ರವರೆಗೆ ಸರಾಯೇವೋದ ರೆನೆ ಮಿಕ್ಷಿಚ್ ಏಷ್ಯಾದ ಹೂದುಂಬಿಗಳ ಮೇಲೆ ನಾಲ್ಕು ಸಂಪುಟಗಳ ಪ್ರಬಂಧ ತಂದು ಈ ಮನೆಗಳನ್ನೆಲ್ಲ ಮತ್ತೆ ವಿಂಗಡಿಸಿದರು. ಆದ್ದರಿಂದ ಇಂಥ ದುಂಬಿಯ ದಾಖಲೆ ಬೇಕೆಂದರೆ ಮೊದಲು ಅದರ ಹಳೆಯ ಹೆಸರುಗಳ ಪಟ್ಟಿ ಮಾಡಿಕೊಂಡೇ ಕೂರಬೇಕು. ಜಮೀನಿನ ಉತಾರ ತೆಗೆಸಲು ಹೋದವನು ಅಜ್ಜ, ಮುತ್ತಜ್ಜರ ಹೆಸರು ಕೇಳಿಕೊಂಡು ಹೋಗುವ ಹಾಗೆ.

ಊರುಗಳ ಹೆಸರಿನದು ಇದಕ್ಕಿಂತ ದೊಡ್ಡ ತೊಡಕು. ಆ ಕಾಲದ ಕೀಟದ ಚೀಟಿಗಳಲ್ಲಿ ‘ಕೆನರಾ’ ಎಂದಷ್ಟೇ ಇರುವುದು ಸಾಮಾನ್ಯ. 1862ರವರೆಗೆ ಕೆನರಾ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ವರ್ಷ ಉತ್ತರದ ಭಾಗ ಮುಂಬಯಿಗೆ ಹೋಯಿತು. ಚೀಟಿಯ ಮೇಲೆ ದಿನಾಂಕ ಇಲ್ಲದಿದ್ದರೆ ಅದು ಕಾರವಾರವೋ ಮಂಗಳೂರೋ ತಿಳಿಯುವುದಿಲ್ಲ. ಹಿಡಿದವರ ಹೆಸರಿದ್ದರೆ ಬಚಾವು. ಟಿ.ಆರ್. ಬೆಲ್ ಎಂದಿದ್ದರೆ ಉತ್ತರ ಕನ್ನಡವೆಂದು ಬಹುಮಟ್ಟಿಗೆ ನಂಬಬಹುದು. ಥಾಮಸ್ ರೀಡ್ ಡೇವಿಸ್ ಬೆಲ್ ಅಲ್ಲಿನ ಅರಣ್ಯಾಧಿಕಾರಿ. ಚಿಟ್ಟೆ, ಪತಂಗ, ದುಂಬಿ, ಹುಲ್ಲು ಎಲ್ಲವನ್ನೂ ಕೂಡಿಹಾಕಿದ ಮನುಷ್ಯ. ನಿವೃತ್ತಿಯ ಮೇಲೂ ಕಾರವಾರದಲ್ಲೇ ಉಳಿದು 1948ರಲ್ಲಿ ತೀರಿಕೊಂಡರು. ಪಶ್ಚಿಮ ಘಟ್ಟದ ಆ ತುದಿ ಕೀಟಗಳ ನಕ್ಷೆಯಲ್ಲಿ ಅಷ್ಟೊಂದು ದಟ್ಟವಾಗಿ ಕಾಣಲು ಕಾಡು ಎಷ್ಟು ಕಾರಣವೋ ಬೆಲ್ ಅವರ ಬಂಗಲೆಯೂ ಅಷ್ಟೇ ಕಾರಣ.

ತುಳಸಿಗೇರಿಯ ಸೀಮೆಗೆ ಇಂಥ ಒಬ್ಬರು ಸಿಗಲಿಲ್ಲ. ಹಾಗಂತ ಅದು ಸರಕಾರದ ಕಣ್ಣಿಗೆ ಬೀಳದ ಮೂಲೆಯೇನೂ ಆಗಿರಲಿಲ್ಲ. ಪಕ್ಕದ ಕಲಾದಗಿಯೇ ಜಿಲ್ಲಾ ಕೇಂದ್ರವಾಗಿತ್ತು; ಅಲ್ಲಿ ದಂಡಿನ ಠಾಣ್ಯವಿತ್ತು. 1884ರಲ್ಲಿ ಗದಗ–ಹೊಟಗಿ ರೈಲುಮಾರ್ಗ ಬಾಗಲಕೋಟೆಯನ್ನು ಹಾದುಹೋಯಿತು, ಅದೇ ವರ್ಷ ಈ ಜಿಲ್ಲೆಯ ಗ್ಯಾಸೆಟಿಯರ್ ಅಚ್ಚಾಯಿತು, ಮರುವರ್ಷ ಜಿಲ್ಲಾ ಕಚೇರಿ ವಿಜಾಪುರಕ್ಕೆ ಸರಿಯಿತು. ಕಲ್ಲಿನ ವಿಷಯಕ್ಕಂತೂ ಕಲಾದಗಿ ಜಗತ್ತಿಗೇ ಗೊತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ನಡೆದು ನೋಡಿ 1876ರಲ್ಲಿ ಬರೆದ ದಕ್ಷಿಣ ಮರಾಠಾ ಪ್ರದೇಶದ ವರದಿಯಿಂದಾಗಿ ಬಾದಾಮಿಯ ಕೆಂಪು ಮರಳುಗಲ್ಲೂ ಬಾಗಲಕೋಟೆಯ ಸುಣ್ಣಕಲ್ಲೂ ಇಂದಿಗೂ ‘ಕಲಾದಗಿ’ ಎಂಬ ಹೆಸರಿನ ಶಿಲಾಶ್ರೇಣಿಯಲ್ಲಿ ಸೇರಿವೆ. ಕಲ್ಲನ್ನು ಇಷ್ಟು ಚೆನ್ನಾಗಿ ಬರೆದಿಟ್ಟ ನೆಲದಲ್ಲಿ, ಆ ಕಲ್ಲಿನ ಮೇಲಿನ ಎರೆಮಣ್ಣಿನಲ್ಲಿ ಬೆಳೆದ ಸಜ್ಜೆಗೆ ಬರುವ ಹುಳವನ್ನು ಅಷ್ಟು ಮುತುವರ್ಜಿಯಿಂದ ಬರೆಯುವವರು ಇರಲಿಲ್ಲ.

ಗಡಿಗಳೂ ಅಡ್ಡ ಬಂದವು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್‌ಮನ್ ಕೀಟಶಾಸ್ತ್ರಕ್ಕೂ ಸಸ್ಯರೋಗಶಾಸ್ತ್ರಕ್ಕೂ ತಜ್ಞರಾಗಿ ಬಂದು, ಕುಂಞಿ ಕಣ್ಣನ್ ಅಂಥವರ ಜೊತೆ ಬೆಂಗಳೂರಿನಲ್ಲಿ ಒಳ್ಳೆಯ ಪರಂಪರೆಯನ್ನೇ ಕಟ್ಟಿದರು. ಆದರೆ ಅವರ ಕೆಲಸ ಸಂಸ್ಥಾನದ ಎಲ್ಲೆಯೊಳಗೆ. ಮದ್ರಾಸ್ ಪ್ರಾಂತದ ಕೀಟಗಳನ್ನು ಬೇನ್‌ಬ್ರಿಗ್ ಫ್ಲೆಚರ್ 1914ರಲ್ಲಿ ‘ಸಮ್ ಸೌತ್ ಇಂಡಿಯನ್ ಇನ್ಸೆಕ್ಟ್ಸ್’ ಪುಸ್ತಕಕ್ಕೆ ತಂದಾಗ ಬಳ್ಳಾರಿ ಅದರ ವ್ಯಾಪ್ತಿಯಲ್ಲಿತ್ತು, ಬಾಗಲಕೋಟೆ ಇರಲಿಲ್ಲ. ಪೂರ್ವದ ರಾಯಚೂರು ನಿಜಾಮನದು. ಮುಂಬಯಿ ಪ್ರಾಂತದ ಕೃಷಿ ಕಾಲೇಜು ಇದ್ದದ್ದು ಪುಣೆಯಲ್ಲಿ. ಹೀಗೆ ನಾಲ್ಕು ಆಡಳಿತಗಳು ಕೂಡುವ ಅಂಚಿನಲ್ಲಿ ಕೂತಿದ್ದ ಸೀಮೆ ಎಲ್ಲರ ಪಟ್ಟಿಯ ಕೊನೆಗೆ ಸರಿದುಹೋಯಿತು. ಸಾಲದ್ದಕ್ಕೆ ಜಿಲ್ಲೆಯ ಹೆಸರೇ ಬದಲಾಗುತ್ತ ಬಂತು: 1885ಕ್ಕೆ ಮುಂಚಿನ ಚೀಟಿಯಲ್ಲಿ ‘ಕಲಾದಗಿ’ ಎಂದಿದ್ದರೆ ಅದು ಇಡೀ ವಿಜಾಪುರ ಜಿಲ್ಲೆಯಾಗಬಹುದು, ಬಾಗಲಕೋಟೆ ಬೇರೆ ಜಿಲ್ಲೆಯಾದ 1997ಕ್ಕೆ ಮುಂಚಿನ ‘ವಿಜಾಪುರ’ ತುಳಸಿಗೇರಿಯ ಹೊಲವೂ ಆಗಿರಬಹುದು. ಹಳೆಯ ನಕ್ಷೆ ಪಕ್ಕದಲ್ಲಿಲ್ಲದೆ ಹಳೆಯ ಚೀಟಿಯನ್ನು ಓದಬಾರದು.

ಆಗ ಪ್ರಾಣಿಶಾಸ್ತ್ರದ ಪುಸ್ತಕಗಳನ್ನು ಬದಿಗಿಟ್ಟು ಒಕ್ಕಲುತನದ ಪುಸ್ತಕಗಳ ಕಡೆ ತಿರುಗಿದೆ. ಬಿಹಾರದ ಪೂಸಾದಲ್ಲಿ 1917ರ ಫೆಬ್ರವರಿಯಲ್ಲಿ ಸೇರಿದ ಎರಡನೆಯ ಕೀಟಶಾಸ್ತ್ರ ಸಭೆಯ ವರದಿ, 1940ರಲ್ಲಿ ಮದ್ರಾಸಿನಿಂದ ಬಂದ ಟಿ.ವಿ. ರಾಮಕೃಷ್ಣ ಅಯ್ಯರ್ ಅವರ ದಕ್ಷಿಣ ಭಾರತದ ಕೃಷಿಕೀಟಗಳ ಕೈಪಿಡಿ ಇವುಗಳ ಕಣ್ಣೇ ಬೇರೆ. ಇಲ್ಲಿ ಬೆಳೆ ಮೊದಲು, ಹುಳ ಆಮೇಲೆ. ಕೃಷಿಸಾಹಿತ್ಯದಲ್ಲಿ ಕೈಲೊಲೋಬಾ ಸಜ್ಜೆ–ಜೋಳದ ‘ಸಣ್ಣ ಪೀಡೆ’ಗಳ ಸಾಲಿಗೆ ಸೇರಿತು: ತೆನೆಗೆ ಬಂದು ಪರಾಗ ತಿನ್ನುವ ಹುಳ. ಯಾವ ಬೆಳೆ, ಯಾವ ಭಾಗ ಎಂಬುದು ಇಲ್ಲಿ ಸಿಗುತ್ತದೆ. ಯಾವ ಊರು, ಯಾವ ದಿನ ಎಂಬುದು ಹೆಚ್ಚಾಗಿ ಸಿಗುವುದಿಲ್ಲ. ಮ್ಯೂಸಿಯಮ್ಮಿನ ಚೀಟಿಗೆ ಊರು ಗೊತ್ತು, ಹುಳ ಏನು ತಿನ್ನುತ್ತಿತ್ತೆಂಬುದು ಗೊತ್ತಿಲ್ಲ. ಕೃಷಿಯ ಪಟ್ಟಿಗೆ ಊಟ ಗೊತ್ತು, ವಿಳಾಸ ಗೊತ್ತಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುವವರು ಹೊಲದವರೇ ಎಂದು ತುಳಸಿಗೇರಿಯಲ್ಲಿ ತಿಳಿಯಿತು. ಮೊದಲು ಅಲ್ಲಿಯೂ ಗೊಂದಲವಾಯಿತು. ಹಸಿರು ಹೊಳೆಯುವ ಹುಳವೆಂದೊಡನೆ ಹುಡುಗರು ಜಾಲಿಗಿಡದ ಕಡೆ ಓಡಿದರು. ಅವರು ತಂದದ್ದು ಜೀರಂಗಿ. ಕಡ್ಡಿಪೆಟ್ಟಿಗೆಯಲ್ಲಿ ಜಾಲಿಸೊಪ್ಪು ಹಾಕಿ ಸಾಕುತ್ತಾರಲ್ಲ, ಅದು. ಅದರ ಕುಟುಂಬವೇ ಬೇರೆ. ಉದ್ದನೆಯ ಗಟ್ಟಿ ಮೈ, ತಿನ್ನುವುದು ಎಲೆ, ಹಾರುವಾಗ ಮೇಲಿನ ಗಟ್ಟಿ ರೆಕ್ಕೆಗಳನ್ನು ಅಗಲಿಸುತ್ತದೆ. ಹೂದುಂಬಿ ಹಾಗಲ್ಲ. ಅದರ ಮೇಲ್‌ರೆಕ್ಕೆಗಳು ಮುಚ್ಚಿಕೊಂಡೇ ಇರುತ್ತವೆ. ಭುಜದ ಹಿಂದೆ ಇರುವ ಸಣ್ಣ ಕಚ್ಚಿನಿಂದ ಒಳರೆಕ್ಕೆಗಳನ್ನು ಪಕ್ಕಕ್ಕೆ ಚಾಚಿ ಹಾರುತ್ತದೆ. ದೂರದಿಂದ ಗುರುತಿಸಲು ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ.

ಹುಡುಗರ ಗದ್ದಲ ನೋಡಿ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಏನ್ ಹುಡುಕಾಕತ್ತೀರಿ ತಮ್ಮಾ?”

“ಹಸರ ಹುಳಾರೀ ಅಜ್ಜಾರ. ಜೀರಂಗಿ ಅಲ್ಲ, ತೆನಿ ಮ್ಯಾಲ ಕುಂದರ್ತದಲ್ಲರೀ, ಅದು.”

“ಅದಾ? ಅದಕ್ಕ ಜಾಲಿಗಿಡದಾಗ ಯಾಕ ಹುಡುಕ್ತೀರಿ? ಸಜ್ಜಿ ಹೂವಾಡೂ ಮುಂದ ಬರ್ತಾವ. ಮಘಿ ಮಳಿ ಹಿಡದು ಉತ್ತರಿ ಮಟಾ. ಕಾಳ ಬಲಿತು ಅಂದ್ರ ಒಂದೂ ಕಾಣಂಗಿಲ್ಲ. ಹಣಮಪ್ಪನ ಕಾರ್ತೀಕಕ್ಕ ಬಂದು ಹುಡುಕಿದ್ರ ಏನೂ ಸಿಗೂದಿಲ್ಲ.”

“ಬೆಳಿಗೆ ಏನರ ಹಾನಿ ಮಾಡ್ತಾವೇನ್ರೀ?”

“ಹಿಟ್ಟ ತಿಂತಾವ, ಹೋಗ್ತಾವ. ಹಾನಿ ಮಾಡೂವು ಗುಬ್ಬಿ. ಇವಕ್ಕ ಎಣ್ಣಿ ಹೊಡದವರನ್ನ ನಾ ನೋಡಿಲ್ಲ.”

ಮಘೆಯಿಂದ ಉತ್ತರೆ ಎಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆ. ಮುಂಗಾರಿ ಸಜ್ಜೆಗೆ ಹೂ ಬರುವ ಕಾಲ ಅದೇ. ಹಿಂಗಾರಿ ಬಿಳಿಜೋಳ ತೆನೆ ಹಾಯುವುದು ಚಳಿಗೆ. ಅಷ್ಟರಲ್ಲಿ ದುಂಬಿಯ ಸರದಿ ಮುಗಿದಿರುತ್ತದೆ. ಅಜ್ಜನ ಎರಡನೆಯ ಮಾತಿಗೂ ಸಸ್ಯಶಾಸ್ತ್ರದ ಬೆಂಬಲವಿದೆ. ಸಜ್ಜೆಯ ತೆನೆಯಲ್ಲಿ ಹೆಣ್ಣುಭಾಗವಾದ ಶಲಾಕೆ ಮೊದಲು ಹೊರಬರುತ್ತದೆ, ಪರಾಗಕೋಶಗಳು ಆಮೇಲೆ. ಕಾಳು ಕಟ್ಟುವುದು ಗಾಳಿಯಲ್ಲಿ ಪಕ್ಕದ ತೆನೆಗಳಿಂದ ತೂರಿಬರುವ ಪರಾಗದಿಂದ. ಅಂಥ ಧಾರಾಳದಲ್ಲಿ ತೆನೆಗೊಂದೆರಡು ದುಂಬಿಗಳು ತಿಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಗುಂಪುಗುಂಪಾಗಿ ಎರಗಿದರೆ ಮಾತು ಬೇರೆ.

ಸಜ್ಜೆ ಹೊಲದಲ್ಲಿ ಬಿಸಿಲೇರಿದ ಮೇಲೆ ದುಂಬಿ ಸಿಕ್ಕಿತು. ತೆನೆಯನ್ನು ಕಾಲುಗಳಿಂದ ತಬ್ಬಿ, ತಲೆಯನ್ನು ಹಳದಿ ಪರಾಗಕೋಶಗಳ ನಡುವೆ ಹುದುಗಿಸಿತ್ತು. ಕೈಮಸೂರದಲ್ಲಿ ನೋಡಿದರೆ ಬೆನ್ನ ಮೇಲೆ ಹೊಂಬಣ್ಣದ ರೋಮ, ರೋಮಕ್ಕೆಲ್ಲ ಪರಾಗ. ನುಣುಪು ಬೆನ್ನಿನ ಹೆಟೆರೊರೈನಾ ಇದಲ್ಲ. ಪುಸ್ತಕದಲ್ಲಿ ಮೊದಲು ತೆರೆದ ಪುಟ ಬಿಟ್ಟು ಎರಡನೆಯದು ನಮ್ಮದಾಯಿತು: ಕೈಲೊಲೋಬಾ.

ಹೂದುಂಬಿಗಳ ಬಾಳಿನ ಬಹುಕಾಲ ಕಣ್ಣಿಗೆ ಬೀಳದೆ ಕಳೆಯುತ್ತದೆ. ಮೊಟ್ಟೆಯೊಡೆದ ಮರಿಗಳು ಕೊಳೆತ ಎಲೆ, ಮಣ್ಣಿನ ಹ್ಯೂಮಸ್, ಹಳೆಯ ಗೊಬ್ಬರದಲ್ಲಿ ಗೊಣ್ಣೆಹುಳಗಳಾಗಿ ಬೆಳೆಯುತ್ತವೆ. ತಿಪ್ಪೆ ಕೆದಕಿದಾಗ ಸಿಗುವ ಬಿಳಿ ಗೊಣ್ಣೆಹುಳವನ್ನು ಬಯಲು ನೆಲದ ಮೇಲೆ ಬಿಟ್ಟು ನೋಡಬೇಕು. ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿ, ಮೈಯನ್ನು ಅಲೆಯಂತೆ ಆಡಿಸುತ್ತ ಸರಿದರೆ ಅದು ಹೂದುಂಬಿಯ ಪಂಗಡದ್ದೆನ್ನಲು ಬಲವಾದ ಗುರುತು. ಕಬ್ಬು, ಶೇಂಗಾದ ಬೇರು ಕಡಿಯುವ ಗೊಣ್ಣೆಹುಳದ ಕುಲ ಬೇರೆ. ಗೊಬ್ಬರದಲ್ಲಿ ಸಿಕ್ಕಿದ್ದನ್ನೆಲ್ಲ ಬೇರುಹುಳವೆಂದು ಕೊಲ್ಲುವ ಮುಂಚೆ ಈ ಪರೀಕ್ಷೆಗೆ ಖರ್ಚೇನೂ ಇಲ್ಲ.

ದಾಖಲೆ ಹುಡುಕುವವನಿಗೆ ಈ ದುಂಬಿಗಳು ಮಾಡುವ ಉಪಕಾರವೊಂದಿದೆ. ಲೋಹದ ಹಸಿರು ಎಲೆಯ ಹಸಿರಿನಂತೆ ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಮೈಯ ಹೊರಚಿಪ್ಪಿನಲ್ಲಿ ಒಂದರ ಮೇಲೊಂದು ಜೋಡಿಸಿದ ಅತಿ ತೆಳು ಪದರಗಳು ಹಸಿರು ಬೆಳಕನ್ನು ಹೆಚ್ಚಾಗಿ ಹಿಂದಿರುಗಿಸುವುದರಿಂದ ಆ ಹೊಳಪು. ಬೆಳಕಿನ ಸೂಕ್ಷ್ಮ ಅಳತೆಯ ಉಪಕರಣಗಳಿಗಾಗಿ ನೊಬೆಲ್ ಪಡೆದ ಆಲ್ಬರ್ಟ್ ಮೈಕೆಲ್ಸನ್ 1911ರಲ್ಲಿ ಇಂಥ ಒಂದು ದುಂಬಿಯನ್ನು ಪರೀಕ್ಷಿಸಿ, ಅದರಿಂದ ಮರಳುವ ಬೆಳಕು ತಿರುಪಿನಂತೆ ಸುತ್ತಿಕೊಂಡು ಬರುತ್ತದೆಂದು ಗುರುತಿಸಿದ. ಆ ಪದರಗಳು ಸುರುಳಿ ಮೆಟ್ಟಿಲಿನ ಕ್ರಮದಲ್ಲಿ ತುಸುತುಸು ತಿರುಗಿ ಕೂತಿರುತ್ತವೆಂದು ಆಮೇಲೆ ತಿಳಿಯಿತು. ಬಣ್ಣವು ಕಟ್ಟಡದಲ್ಲೇ ಇರುವುದರಿಂದ ಕಟ್ಟಡ ಕೆಡದಷ್ಟು ಕಾಲ ಹಸಿರೂ ಕೆಡುವುದಿಲ್ಲ. ಸೂಜಿಗೆ ಚುಚ್ಚಿ ನೂರು ವರ್ಷ ಕಳೆದ ದುಂಬಿಯೂ ನಿನ್ನೆ ಹಿಡಿದದ್ದರಂತೆ ಹೊಳೆಯುತ್ತದೆ. ಮಸುಕಾಗುವುದು ಅದರ ಕೆಳಗಿನ ಚೀಟಿ. ಚೀಟಿ ಹೋದರೆ ದುಂಬಿ ಎಷ್ಟು ಹೊಳೆದರೂ ಯಾವ ನಾಡಿನದೆಂದು ಹೇಳಲಾರದು.

ಈ ಓಡಾಟದಿಂದ ನನಗೆ ಮನವರಿಕೆಯಾದದ್ದು ಒಂದೇ. ಹಳೆಯ ಪುಸ್ತಕಗಳ ಊರುಪಟ್ಟಿಯನ್ನು ನಾವು ಕೀಟದ ನೆಲೆಯ ನಕ್ಷೆ ಎಂದು ಓದುತ್ತೇವೆ. ಅದು ಅರಣ್ಯ ಬಂಗಲೆ, ಬಂದರು, ಗಿರಿಧಾಮ, ಕೃಷಿ ಕಾಲೇಜುಗಳ ನಕ್ಷೆಯೂ ಹೌದು. ಬಯಲುಸೀಮೆಯ ಜಾಗ ಖಾಲಿ ಬಿದ್ದಿದ್ದರೆ ಅಲ್ಲಿ ಹುಳವಿಲ್ಲ ಎಂದಲ್ಲ, ಬರೆಯುವ ಕೈ ಇರಲಿಲ್ಲ ಎಂದು ಮೊದಲು ಅನುಮಾನಿಸಬೇಕು. ಈಗ ಆ ನೆಪವೂ ಇಲ್ಲ. ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಕೃಷಿಕೀಟಗಳಿಗೆಂದೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನಲ್ಲಿದೆ, ದಿನಾಂಕ–ಜಾಗ ಎರಡನ್ನೂ ಅಚ್ಚೊತ್ತುವ ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ.

ಬರೆಯುವುದಾದರೆ ಪೂರ್ತಿ ಬರೆಯಬೇಕು. ಊರು, ತಾಲೂಕು, ದಿನಾಂಕ ಮ್ಯೂಸಿಯಮ್ಮಿನ ಕ್ರಮ. ಬೆಳೆ ಯಾವುದು, ಹೂವಿನಲ್ಲಿತ್ತೋ ಕಾಳಿನಲ್ಲಿತ್ತೋ, ಯಾವ ಮಳೆ ನಡೆದಿತ್ತು ಎಂಬುದು ಅಜ್ಜನ ಕ್ರಮ. ಎರಡೂ ಒಂದೇ ಚೀಟಿಯಲ್ಲಿ ಬರಬೇಕು. ತಡಮಾಡುವಂತೆಯೂ ಇಲ್ಲ. ಆಲಮಟ್ಟಿಯ ಹಿನ್ನೀರು, ಕಾಲುವೆ, ಕೊಳವೆಬಾವಿ ಬಂದ ಮೇಲೆ ಈ ಜಿಲ್ಲೆಯ ಹೊಲಗಳಲ್ಲಿ ಕಬ್ಬು ಹರಡಿದೆ. ಕಲಾದಗಿಯ ಸುತ್ತ ಚಿಕ್ಕು, ದಾಳಿಂಬೆ ತೋಟಗಳಿವೆ. ಸಜ್ಜೆ ಮಳೆಯನ್ನೇ ನಂಬಿದ ಮಡ್ಡಿಗೆ ಸರಿಯುತ್ತಿದೆ. ಪರಾಗವನ್ನೇ ನಂಬಿದ ದುಂಬಿ ಸಜ್ಜೆಯ ಹಿಂದೆ ಮಡ್ಡಿಗೆ ಹೋಯಿತೋ, ನೀರಾವರಿಯ ಗೋವಿನಜೋಳದ ಗಂಡುಹೂವಿಗೆ ಒಗ್ಗಿಕೊಂಡಿತೋ? ಇದಕ್ಕೆ ಉತ್ತರ ಆ್ಯರೋನಲ್ಲೂ ಇಲ್ಲ, ಕೀಲ್‌ನಲ್ಲೂ ಇಲ್ಲ. ಮಘೆಯಿಂದ ಉತ್ತರೆಯವರೆಗೆ ಎರಡೂ ಹೊಲಗಳನ್ನು ನೋಡಿ, ಸಿಕ್ಕದ್ದನ್ನೂ ಸಿಗದ್ದನ್ನೂ ಬರೆದಿಟ್ಟವರಲ್ಲಿ ಅದು ಸಿಗಬೇಕು. ಆ ಕೆಲಸವನ್ನು ತುಳಸಿಗೇರಿಯ ಶಾಲೆಯ ಮಕ್ಕಳೇ ಮಾಡಬಲ್ಲರು. ಜೀರಂಗಿ ಯಾವುದು, ಹೂದುಂಬಿ ಯಾವುದು ಎಂಬುದು ಅವರಿಗೆ ಈಗ ಗೊತ್ತಾಗಿದೆ.